ಮದ್ಯ ಸನ್ನದು ಮತ್ತು ಊರಿನ ಒಪ್ಪಿಗೆ

ಮದ್ಯವನ್ನು ತಯಾರಿಸಲು, ದಾಸ್ತಾನಿಡಲು ಅಥವಾ ಮಾರಲು ಸರ್ಕಾರ ಶುಲ್ಕ ಪಡೆದು ನಿಗದಿತ ಅವಧಿಗೆ ಕೊಡುವ ಅನುಮತಿಗೆ ಮದ್ಯ ಸನ್ನದು ಎನ್ನುತ್ತಾರೆ. ಜನ ಲೈಸೆನ್ಸ್ ಎನ್ನುವುದನ್ನು ಕರ್ನಾಟಕದ ಅಬಕಾರಿ ಇಲಾಖೆಯ ಕಡತಗಳು ಸನ್ನದು ಎಂದೇ ಬರೆಯುತ್ತವೆ, ಅದನ್ನು ಪಡೆದವನು ಸನ್ನದುದಾರ. ‘ಅಬಕಾರಿ’ ಪಾರಸಿಯಿಂದ ಬಂದ ಮಾತು. ‘ಸನ್ನದು’ ಅರಬ್ಬಿಯ ‘ಸನದ್’ನಿಂದ ಬಂದದ್ದು, ಆಧಾರ, ದಾಖಲೆ ಎಂದು ಅದರ ಅರ್ಥ. ಆದರೆ ಅರಬ್ಬಿಯೇ ಆಡುಮಾತಾಗಿರುವ ಕುವೈತಿನಲ್ಲಿ ಮದ್ಯಕ್ಕೆ ಸನ್ನದು ಇಲ್ಲ. ಸಾವಿರಾರು ಭಾರತೀಯರು ದುಡಿದು ಬದುಕುವ, ಅಲ್ಲಿನ ಫರ್ವಾನಿಯಾ ಪ್ರಾಂತ್ಯದಲ್ಲಿ ಬಾರ್ ಇಲ್ಲ, ವೈನ್ ಸ್ಟೋರ್ ಇಲ್ಲ, ಅರ್ಜಿ ಹಾಕಲು ಕಚೇರಿಯೂ ಇಲ್ಲ. ಊರಿನಿಂದ ಅಲ್ಲಿಗೆ ಹೋದ ಕನ್ನಡಿಗ ಈ ಎರಡೂ ವ್ಯವಸ್ಥೆಗಳನ್ನು ಕಂಡಿರುತ್ತಾನೆ. ಊರಲ್ಲಿ ಬಸ್ ನಿಲ್ದಾಣದ ಪಕ್ಕದಲ್ಲೇ ಬಾರ್ ಅಂಡ್ ರೆಸ್ಟೋರೆಂಟ್, ಅಲ್ಲಿ ಪೂರ್ಣ ನಿಷೇಧ. ಎರಡರಲ್ಲೂ ಅಂಗಡಿ ಇರಬೇಕೋ ಬೇಡವೋ ಎಂದು ಆ ಬೀದಿಯಲ್ಲಿ ಬದುಕುವವರನ್ನು ಯಾರೂ ಕೇಳಲಿಲ್ಲ. ಸನ್ನದಿನ ಇತಿಹಾಸದುದ್ದಕ್ಕೂ ಉತ್ತರ ಸಿಗದೆ ಉಳಿದಿರುವ ಪ್ರಶ್ನೆ ಇದೇ.

ಕುವೈತ್: ಪರ್ಮಿಟ್ಟಿನಿಂದ ನಿಷೇಧಕ್ಕೆ

ಕುವೈತಿನಲ್ಲಿ ಮದ್ಯ ಮೊದಲಿನಿಂದಲೂ ಈಗಿನಂತೆ ಪೂರ್ಣ ನಿಷಿದ್ಧವಾಗಿರಲಿಲ್ಲ. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ಸಿಕ್ಕಿತು, 1946ರಲ್ಲಿ ಮೊದಲ ಹಡಗು ತೈಲ ಹೊತ್ತು ಹೊರಟಿತು. ತೈಲ ಕಂಪನಿಗಾಗಿ ಬಂದ ವಿದೇಶಿಯರ ಸಂಖ್ಯೆ ಬೆಳೆಯಿತು. 1961ರ ಜೂನ್ 19ರಂದು ಕುವೈತ್ ಸ್ವತಂತ್ರವಾಗುವ ತನಕ ಬ್ರಿಟಿಷ್ ಪ್ರಜೆಗಳ ಮೇಲೆ ಕಾನೂನಿನ ಅಧಿಕಾರ ಬ್ರಿಟಿಷ್ ಪೊಲಿಟಿಕಲ್ ಏಜೆಂಟರದ್ದಾಗಿತ್ತು. ಆ ಕಾಲದಲ್ಲಿ ಮುಸ್ಲಿಮೇತರರು ಪರ್ಮಿಟ್ ಪಡೆದು ಮದ್ಯ ಕೊಳ್ಳಬಹುದಿತ್ತು. ಗ್ರೇ ಮೆಕೆಂಜಿ ಎಂಬ ಹಳೆಯ ಬ್ರಿಟಿಷ್ ವ್ಯಾಪಾರ ಸಂಸ್ಥೆ ಅದನ್ನು ತರಿಸಿ ಮಾರುತ್ತಿತ್ತು. ಪರ್ಮಿಟ್ ವ್ಯಕ್ತಿಗೆ ಸಿಗುತ್ತಿತ್ತೇ ಹೊರತು ಬೀದಿಯ ಅಂಗಡಿಗಲ್ಲ. ನೆರೆಹೊರೆಯ ಬಾರ್ ಎಂಬುದು ಕುವೈತಿನ ಬದುಕಿಗೆ ಸೇರಲೇ ಇಲ್ಲ.

1962ರ ನವೆಂಬರ್‌ನಲ್ಲಿ ಸಂವಿಧಾನ ಬಂತು. ಅದರ 2ನೇ ವಿಧಿಯ ಪ್ರಕಾರ ರಾಷ್ಟ್ರದ ಧರ್ಮ ಇಸ್ಲಾಂ, ಶರೀಅತ್ ಶಾಸನದ ಮುಖ್ಯ ಮೂಲಗಳಲ್ಲಿ ಒಂದು. 1963ರಲ್ಲಿ ಮೊದಲ ರಾಷ್ಟ್ರೀಯ ಸಭೆ ಚುನಾಯಿತವಾಯಿತು. ಮರುವರ್ಷವೇ 1960ರ ದಂಡಸಂಹಿತೆಗೆ ತಿದ್ದುಪಡಿ ತಂದು ಮದ್ಯದ ಆಮದು, ತಯಾರಿಕೆ, ಮಾರಾಟಗಳನ್ನು ಎಲ್ಲರಿಗೂ ಅಪರಾಧವಾಗಿಸಲಾಯಿತು. ಪರ್ಮಿಟ್ ಪದ್ಧತಿ ಅಲ್ಲಿಗೆ ಮುಗಿಯಿತು. ಆರು ದಶಕ ಕಳೆದರೂ ಆ ನಿಲುವು ಬದಲಾಗಿಲ್ಲ. ದೊಡ್ಡ ಹೋಟೆಲುಗಳಲ್ಲೂ ಮದ್ಯ ಸಿಗದು, ಕುವೈತ್ ಏರ್‌ವೇಸ್ ವಿಮಾನದಲ್ಲೂ ಕೊಡುವುದಿಲ್ಲ. ಕೊಲ್ಲಿಯ ಬೇರೆ ನಾಡುಗಳು ಬೇರೆ ದಾರಿ ಹಿಡಿದಿವೆ. ಬಹರೈನ್‌ನಲ್ಲಿ ಬಾರುಗಳಿವೆ. ದುಬೈನಲ್ಲಿ ವ್ಯಕ್ತಿಗತ ಪರವಾನಗಿ ಉಂಟು, ಅದರ ಪಕ್ಕದ ಶಾರ್ಜಾ ಒಣ ನಾಡು. ಸೌದಿ ಅರೇಬಿಯಾ 2024ರಲ್ಲಿ ರಿಯಾದ್‌ನಲ್ಲಿ ಮುಸ್ಲಿಮೇತರ ರಾಜತಾಂತ್ರಿಕರಿಗೆ ಮಾತ್ರ ಒಂದು ಮಳಿಗೆ ತೆರೆಯಿತು.

ಫರ್ವಾನಿಯಾ ಪ್ರಾಂತ್ಯ ರಚನೆಯಾದದ್ದು 1988ರಲ್ಲಿ. ಖೈತಾನ್, ಜಲೀಬ್ ಅಲ್-ಶುಯೂಖ್, ವಿಮಾನ ನಿಲ್ದಾಣ ಎಲ್ಲವೂ ಇದರೊಳಗೇ ಬರುತ್ತವೆ. ಜಲೀಬ್‌ನ ಒಂದು ಭಾಗವನ್ನು ಭಾರತೀಯರು ಅಬ್ಬಾಸಿಯಾ ಎಂದು ಕರೆಯುತ್ತಾರೆ. ಅಲ್ಲಿನ ಬೀದಿಯ ಬಕಾಲಾ ಎಂಬ ಕಿರಾಣಿ ಅಂಗಡಿಗೂ ಕ್ಷೌರದಂಗಡಿಗೂ ಪರವಾನಗಿ ಬೇಕು. ಅರಬ್ಬಿಯಲ್ಲಿ ಅದಕ್ಕೆ ರುಖ್ಸಾ ಎನ್ನುತ್ತಾರೆ. ವ್ಯಾಪಾರ ಸಚಿವಾಲಯ ಮತ್ತು ಬಲದಿಯಾ, ಅಂದರೆ 1930ರಲ್ಲಿ ಸ್ಥಾಪನೆಯಾದ ಕುವೈತ್ ಪುರಸಭೆ, ಇವುಗಳ ನಿಯಮಕ್ಕೆ ಪ್ರತಿಯೊಂದು ಅಂಗಡಿಯೂ ಒಳಪಟ್ಟಿದೆ. ಮದ್ಯಕ್ಕೆ ರುಖ್ಸಾ ಇಲ್ಲ, ಹಾಗಾಗಿ ಅದರ ಗುಣಮಟ್ಟ ನೋಡುವ ತಪಾಸಕನೂ ಇಲ್ಲ.

ಇದರ ಪರಿಣಾಮ 2025ರ ಆಗಸ್ಟ್‌ನಲ್ಲಿ ಕಣ್ಣೆದುರು ಬಂತು. ಕಳ್ಳತನದಲ್ಲಿ ತಯಾರಿಸಿದ ಮದ್ಯ ಕುಡಿದವರನ್ನು ಫರ್ವಾನಿಯಾ ಮತ್ತು ಅದಾನ್ ಆಸ್ಪತ್ರೆಗಳಿಗೆ ಸಾಲುಸಾಲಾಗಿ ತರಲಾಯಿತು. ಕುವೈತ್ ಆರೋಗ್ಯ ಸಚಿವಾಲಯದ ಲೆಕ್ಕದಂತೆ 160 ಮಂದಿ ವಿಷಪ್ರಾಶನಕ್ಕೆ ಒಳಗಾದರು, 23 ಮಂದಿ ಸತ್ತರು. ಕೆಲವರ ಕಣ್ಣು ಹೋಯಿತು, ಹಲವರಿಗೆ ತುರ್ತು ಡಯಾಲಿಸಿಸ್ ಬೇಕಾಯಿತು. ಎಲ್ಲರೂ ಏಷ್ಯಾದ ದೇಶಗಳಿಂದ ದುಡಿಯಲು ಬಂದವರು. ಸುಮಾರು 40 ಭಾರತೀಯರು ಆಸ್ಪತ್ರೆ ಸೇರಿದ್ದಾರೆಂದು ಭಾರತದ ರಾಯಭಾರ ಕಚೇರಿ ಆಗ ತಿಳಿಸಿತ್ತು. ಪೊಲೀಸರು 67 ಮಂದಿಯನ್ನು ಬಂಧಿಸಿ, ಮನೆಗಳ ನಡುವೆಯೂ ಕೈಗಾರಿಕಾ ಪ್ರದೇಶದಲ್ಲೂ ಇದ್ದ ತಯಾರಿಕಾ ಘಟಕಗಳನ್ನು ಮುಚ್ಚಿದರು. ಕೊಂದದ್ದು ಮೆಥನಾಲ್. ಬಣ್ಣದಲ್ಲೂ ವಾಸನೆಯಲ್ಲೂ ಅದನ್ನು ಕುಡಿಯುವ ಮದ್ಯಸಾರದಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಹೊಟ್ಟೆಗೆ ಹೋದ ಮೇಲೆ ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ, ಆ ಆಮ್ಲ ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಕುಡಿದ ಹಲವು ಗಂಟೆಗಳ ನಂತರವಷ್ಟೇ ಲಕ್ಷಣ ಕಾಣುವುದರಿಂದ, ಕಂಬಳಿ ಹೊದ್ದು ಮಲಗಿದರೆ ಸರಿಹೋದೀತೆಂದು ಕಾದವರ ಪಾಲಿಗೆ ಆಸ್ಪತ್ರೆ ದೂರವಾಗುತ್ತದೆ. ಸಿಕ್ಕಿಬಿದ್ದರೆ ಕೆಲಸ ಹೋಗಿ ಗಡೀಪಾರಾಗುವ ಹೆದರಿಕೆಯೂ ಅವರನ್ನು ಕಾಯಿಸುತ್ತದೆ.

ಕರ್ನಾಟಕ: ಗುತ್ತಿಗೆಯಿಂದ ಸನ್ನದಿಗೆ

ಕನ್ನಡ ನಾಡಿಗೂ ನಿಷೇಧ ಹೊಸದಲ್ಲ. ಟಿಪ್ಪು ಸುಲ್ತಾನ್ ತನ್ನ ರಾಜ್ಯದಲ್ಲಿ ಮದ್ಯವನ್ನು ತಡೆಯಲು ಹೊರಟಿದ್ದ. ಅವನ ನಂತರ ಮೈಸೂರು ಸಂಸ್ಥಾನದಲ್ಲೂ ಬ್ರಿಟಿಷ್ ಸೀಮೆಗಳಲ್ಲೂ ಅಬಕಾರಿ ದೊಡ್ಡ ಆದಾಯವಾಯಿತು. ಒಂದು ಪ್ರದೇಶದ ಹೆಂಡ, ಸಾರಾಯಿ ಮಾರುವ ಹಕ್ಕನ್ನು ಹರಾಜು ಹಾಕಿ ಹೆಚ್ಚು ಕೂಗಿದ ಗುತ್ತಿಗೆದಾರನಿಗೆ ಕೊಡುವುದು ಪದ್ಧತಿ. ಹರಾಜಿನಲ್ಲಿ ಕಟ್ಟಿದ ಹಣ ಮರಳಬೇಕಾದರೆ ಗುತ್ತಿಗೆದಾರ ಹೆಚ್ಚು ಕುಡಿಸಲೇಬೇಕಿತ್ತು. ಈ ಲೆಕ್ಕ 2007ರವರೆಗೂ ಹಳ್ಳಿಗಳನ್ನು ಹಿಂಡಿತು.

ಸ್ವಾತಂತ್ರ್ಯ ಬಂದಾಗ ಕನ್ನಡದ ಸೀಮೆಗಳು ಬೇರೆ ಬೇರೆ ಕಾನೂನಿನಡಿ ಇದ್ದವು. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡಕ್ಕೆ 1937ರ ಮದರಾಸು ಪಾನನಿರೋಧ ಕಾಯ್ದೆ, ಮುಂಬಯಿ ಕರ್ನಾಟಕಕ್ಕೆ 1949ರ ಮುಂಬಯಿ ಕಾಯ್ದೆ, ಹೈದರಾಬಾದ್ ಸೀಮೆಗೆ ನಿಜಾಮರ ಅಬಕಾರಿ ಕಾಯ್ದೆ. ಏಕೀಕರಣದ ನಂತರ 1961ರಲ್ಲಿ ಮೈಸೂರು ಪಾನನಿರೋಧ ಕಾಯ್ದೆ ರೂಪುಗೊಂಡಿತು. ಅದು ಹೆಚ್ಚು ಕಾಲ ಉಳಿಯಲಿಲ್ಲ. 1967ರಲ್ಲಿ ಪಾನನಿರೋಧ ಕೊನೆಗೊಂಡು, ಅಕ್ಟೋಬರ್ 1ರಿಂದ ಈಗಿನ ಕರ್ನಾಟಕ ಅಬಕಾರಿ ಕಾಯ್ದೆ ಜಾರಿಗೆ ಬಂತು.

ಇಂದು ಜನರ ಬಾಯಲ್ಲಿ ಇರುವ ಸಿಎಲ್ ಸಂಖ್ಯೆಗಳು 1968ರ ನಿಯಮಗಳ ಕೊಡುಗೆ. ಬಾಟಲಿ ಕೊಂಡು ಮನೆಗೊಯ್ಯುವ ವೈನ್ ಸ್ಟೋರ್ ಸಿಎಲ್-2, ಕ್ಲಬ್ಬು ಸಿಎಲ್-4, ಕೋಣೆಗಳುಳ್ಳ ವಸತಿಗೃಹ ಸಿಎಲ್-7, ಕುಳಿತು ಕುಡಿಯುವ ಬಾರ್ ಸಿಎಲ್-9. ಅಬಕಾರಿ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ, ಸನ್ನದಿನ ನವೀಕರಣವೂ ಆ ಲೆಕ್ಕದಲ್ಲೇ. 1992ರಿಂದ ಸರ್ಕಾರ ಹೊಸ ಸಿಎಲ್-2 ಮತ್ತು ಸಿಎಲ್-9 ಕೊಡುವುದನ್ನು ನಿಲ್ಲಿಸಿತು. ಕುಡಿತ ಅದರಿಂದ ನಿಲ್ಲಲಿಲ್ಲ. ಇದ್ದ ಸನ್ನದುಗಳ ಬೆಲೆ ಏರಿತು, ಅವು ಊರಿಂದೂರಿಗೆ ವರ್ಗವಾದವು, ಸಿಎಲ್-7 ಮತ್ತು ಸರ್ಕಾರಿ ಎಂಎಸ್‌ಐಎಲ್ ಮಳಿಗೆಗಳು ಹೆಚ್ಚಿದವು. 2003ರಲ್ಲಿ ಸಗಟು ವ್ಯಾಪಾರವನ್ನು ಸರ್ಕಾರವೇ ಪಾನೀಯ ನಿಗಮದ ಮೂಲಕ ವಹಿಸಿಕೊಂಡಿತು.

2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಎಚ್.ಡಿ. ಕುಮಾರಸ್ವಾಮಿ ಆಗ ಮುಖ್ಯಮಂತ್ರಿ, ಹಣಕಾಸು ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿತ್ತು. ಸಾರಾಯಿ ಪಾಕೀಟು ಹಳ್ಳಿಯ ಕೂಲಿಕಾರ ಮನೆಗಳನ್ನು ಹಾಳುಗೆಡವಿದ್ದು ಕಣ್ಣಿಗೆ ಕಂಡ ಸತ್ಯ, ಆ ನಿರ್ಧಾರ ಸರಿಯೇ ಆಗಿತ್ತು. ಆದರೆ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರದ ಕಡೆ ಹಾಗೂ ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು 150ಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲೂ ಮೆಥನಾಲ್. ಸಾರಾಯಿ ಕಾನೂನುಬದ್ಧವಾಗಿದ್ದ 1981ರಲ್ಲೇ ಬೆಂಗಳೂರಿನಲ್ಲಿ ಕಳ್ಳಭಟ್ಟಿ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಹಾಗಾಗಿ ಇಂಥ ಸಾವುಗಳಿಗೆ ನಿಷೇಧವೊಂದೇ ಕಾರಣ ಎನ್ನುವುದು ಸರಿಯಲ್ಲ, ಸನ್ನದು ಇದ್ದರೆ ಸಾವು ತಪ್ಪುತ್ತದೆ ಎನ್ನುವುದೂ ಸರಿಯಲ್ಲ. ಎಲ್ಲ ಕಡೆಯೂ ಸತ್ತವರು ಅಗ್ಗದ ಕುಡಿತವಷ್ಟೇ ಕೈಗೆಟುಕುವ ದುಡಿಯುವ ಜನ.

ಒಪ್ಪಿಗೆ ಯಾರದು?

ಬಾರ್ ಎಲ್ಲಿ ಇರಬಾರದು ಎಂಬುದಕ್ಕೆ 1967ರ ಸಾಮಾನ್ಯ ಷರತ್ತುಗಳ ನಿಯಮಾವಳಿಯ 5ನೇ ನಿಯಮ ಆಧಾರ. ದೇವಸ್ಥಾನ, ಮಸೀದಿ, ಚರ್ಚು, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಸನ್ನದು ಕೊಡಬಾರದು. ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ಬಡಾವಣೆಯಲ್ಲೂ ಕೊಡಬಾರದು. ಹೆದ್ದಾರಿಯ ನಡುವಿನಿಂದ 220 ಮೀಟರ್ ದೂರವಿರಬೇಕು. ಬಾರ್ ವಿರುದ್ಧ ಊರವರು ಹಿಡಿಯುವ ಮೊದಲ ಅಸ್ತ್ರ ಅಳತೆ ಟೇಪು. ಬಾಗಿಲಿನಿಂದ ಬಾಗಿಲಿಗೆ ನಡೆದು ಹೋಗುವ ದಾರಿಯನ್ನು ಅಳೆಯಬೇಕೋ ನೇರ ಗೆರೆಯನ್ನೋ ಎಂಬುದರ ಮೇಲೆ ಎಷ್ಟೋ ತಕರಾರು ಅರ್ಜಿಗಳು ನಿಂತಿವೆ. 98 ಮೀಟರ್ ಬಂದರೆ ಊರು ಗೆದ್ದಂತೆ, 102 ಬಂದರೆ ಸೋತಂತೆ. ಮಕ್ಕಳು ಶಾಲೆಗೆ ನಡೆದು ಹೋಗುವ ದಾರಿಯಲ್ಲಿ ಬಾರ್ ಬೇಡವೆಂಬ ತಾಯಂದಿರ ಮಾತಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗಿನ ಮದ್ಯದಂಗಡಿಗಳನ್ನು ನಿಷೇಧಿಸಿತು. 20 ಸಾವಿರದೊಳಗಿನ ಜನಸಂಖ್ಯೆಯ ಊರುಗಳಿಗೆ ಮುಂದೆ ಅದನ್ನು 220 ಮೀಟರಿಗೆ ಇಳಿಸಿತು. ಅಬಕಾರಿ ವರ್ಷ ಮುಗಿದ 2017ರ ಜುಲೈ 1ರಂದು ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆಗಳ ಬಾರುಗಳ ಬಾಗಿಲು ಮುಚ್ಚಿತು. ಅದೇ ತಿಂಗಳು ನಗರಸಭೆ ವ್ಯಾಪ್ತಿಗೆ ಈ ಆದೇಶ ಅನ್ವಯಿಸದೆಂದು ಕೋರ್ಟ್ ಸ್ಪಷ್ಟಪಡಿಸಿದ ಮೇಲೆ ಅವು ಮತ್ತೆ ತೆರೆದವು.

ಅರ್ಜಿ ಪರಿಶೀಲಿಸಿ ಸನ್ನದು ಕೊಡುವುದು ಜಿಲ್ಲಾಡಳಿತ ಮತ್ತು ಅಬಕಾರಿ ಇಲಾಖೆ. ಗ್ರಾಮ ಪಂಚಾಯಿತಿ ಠರಾವು ಪಾಸು ಮಾಡಬಹುದು, ಆಕ್ಷೇಪಣೆ ಕಳಿಸಬಹುದು; ಇಲಾಖೆ ಅದಕ್ಕೆ ಬದ್ಧವಲ್ಲ. 1996ರ ಪೆಸಾ ಕಾಯ್ದೆ ಮದ್ಯವನ್ನು ತಡೆಯುವ ಅಥವಾ ನಿಯಂತ್ರಿಸುವ ಅಧಿಕಾರವನ್ನು ಅನುಸೂಚಿತ ಪ್ರದೇಶಗಳ ಗ್ರಾಮಸಭೆಗೆ ಕೊಟ್ಟಿದೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯಡಿ ಘೋಷಿತ ಪ್ರದೇಶ ಒಂದೂ ಇಲ್ಲ. ಹಾಗಾಗಿ ನಮ್ಮ ಸೋಲಿಗರ, ಜೇನುಕುರುಬರ ಹಾಡಿಗಳಿಗೂ ಆ ಹಕ್ಕು ಸಿಗಲಿಲ್ಲ.

ಗಡಿಯಾಚೆ

ಊರನ್ನು ಕೇಳುವುದು ಅಸಾಧ್ಯವೇನಲ್ಲ. ಇಂಗ್ಲೆಂಡಿನಲ್ಲಿ 1552ರಲ್ಲೇ ಪಾನಗೃಹದ ಅನುಮತಿಯನ್ನು ಸ್ಥಳೀಯ ನ್ಯಾಯಾಧಿಕಾರಿಗಳ ಕೈಗೆ ಕೊಡಲಾಗಿತ್ತು. ಸ್ಕಾಟ್ಲೆಂಡಿನ 1913ರ ಕಾಯ್ದೆಯಂತೆ 1920ರಿಂದ ಬಡಾವಣೆಗಳು ಮತ ಹಾಕಿ ತಮ್ಮಲ್ಲಿ ಮದ್ಯದಂಗಡಿ ಬೇಡವೆನ್ನಬಹುದಿತ್ತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕನ್ನಡಿಗರೂ ಇರುವ ಸೊಲ್ಲಾಪುರ, ಸಾಂಗ್ಲಿಗಳು ಮಹಾರಾಷ್ಟ್ರಕ್ಕೆ ಸೇರಿವೆ. ಅಲ್ಲಿ 2008ರ ಆದೇಶದಂತೆ ಊರಿನ ಮತದಾರ ಮಹಿಳೆಯರಲ್ಲಿ ಶೇ 25ರಷ್ಟು ಮಂದಿ ಸಹಿ ಹಾಕಿ ಕೇಳಿದರೆ ಗುಪ್ತ ಮತದಾನ ನಡೆಯುತ್ತದೆ. ಮತಪತ್ರದಲ್ಲಿ ಎರಡು ಚಿತ್ರ: ನಿಂತ ಬಾಟಲಿ, ಮಲಗಿದ ಬಾಟಲಿ. ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಮಲಗಿದ ಬಾಟಲಿಗೆ ಮತ ಹಾಕಿದರೆ ಅಂಗಡಿ ಮುಚ್ಚಬೇಕು. ‘ಆಡವಿ ಬಾಟಲಿ’, ಅಂದರೆ ಮಲಗಿದ ಬಾಟಲಿ, ಎಂದೇ ಈ ಮತದಾನ ಅಲ್ಲಿ ಮನೆಮಾತಾಗಿದೆ. ಓದು ಬಾರದ ಅಜ್ಜಿಗೂ ಅರ್ಥವಾಗುವಷ್ಟು ಸರಳವಾದ ಉಪಾಯ ಇದು.

ಕಾಸರಗೋಡಿನ ಕನ್ನಡಿಗರ ಅನುಭವ ಇದಕ್ಕೆ ವಿರುದ್ಧ. 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡದೊಂದಿಗೇ ಇದ್ದ ಆ ನೆಲ ಈಗ ಕೇರಳದ ಕಾನೂನಿಗೆ ಒಳಪಟ್ಟಿದೆ. ಕೇರಳದಲ್ಲಿ ಮದ್ಯದಂಗಡಿಗೆ ಪಂಚಾಯಿತಿ ಅಥವಾ ನಗರಸಭೆಯ ನಿರಾಕ್ಷೇಪಣಾ ಪತ್ರ ಕಡ್ಡಾಯವಾಗಿತ್ತು. ಹೆದ್ದಾರಿ ತೀರ್ಪಿನಿಂದ ಸ್ಥಳ ಬದಲಿಸಬೇಕಾದ ಅಂಗಡಿಗಳನ್ನು ಹೊಸ ಊರುಗಳು ಒಳಗೆ ಬಿಟ್ಟುಕೊಳ್ಳಲಿಲ್ಲ. 2017ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಪಂಚಾಯಿತಿಗಳ ಆ ಅಧಿಕಾರವನ್ನೇ ಕಿತ್ತುಕೊಂಡಿತು. ಊರು ಬೇಡವೆಂದು ಹೇಳುವವರೆಗೆ ಮಾತ್ರ ಅದರ ಹಕ್ಕು ಕಾಗದದ ಮೇಲೆ ಇತ್ತು.

ಚಿತ್ರದುರ್ಗದಿಂದ ಬೆಂಗಳೂರಿಗೆ

2019ರ ಜನವರಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದರು. ರಾಯಚೂರಿನ ಕಡೆಯಿಂದ ಬಂದ ಕೂಲಿ ಹೆಂಗಸರೇ ಅವರಲ್ಲಿ ಬಹಳ. ಪೂರ್ಣ ನಿಷೇಧ ಅವರ ಮುಖ್ಯ ಬೇಡಿಕೆ. ಊರಿನಲ್ಲಿ ಮದ್ಯ ಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ ಗ್ರಾಮಸಭೆಗೆ ಬರಲಿ ಎಂಬುದೂ ಆಂದೋಲನದ ಒತ್ತಾಯವಾಯಿತು. ಮೊದಲನೆಯದು ಕಷ್ಟ, ಫರ್ವಾನಿಯಾದ ಆಸ್ಪತ್ರೆಯ ಆ ಆಗಸ್ಟ್ ಅದರ ಅಪಾಯವನ್ನೂ ತೋರಿಸಿದೆ. ಎರಡನೆಯದಕ್ಕೆ ಬೇಕಿರುವುದು ಕಾನೂನಿನ ಒಂದು ತಿದ್ದುಪಡಿಯಷ್ಟೇ.

2025-26ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಅದೇ ಬಜೆಟ್‌ನಲ್ಲಿ ಸನ್ನದುಗಳನ್ನು ಇ-ಹರಾಜಿನ ಮೂಲಕ ಹಂಚುವುದಾಗಿ ಪ್ರಕಟಿಸಲಾಯಿತು. ಆ ಹರಾಜಿಗೆ ಮುನ್ನ ಗ್ರಾಮಸಭೆಯ ಅಥವಾ ವಾರ್ಡಿನ ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು ಕರ್ನಾಟಕ ಇನ್ನಾದರೂ ಮಾಡಬೇಕು.