ಚಿತ್ರದುರ್ಗ ಸೀಮೆಯ ಮರಣ ದಾಖಲೆಗಳು ಮತ್ತು ಸಾರ್ವಜನಿಕ ಆರೋಗ್ಯ (1871–1931)

ಚಿತ್ರದುರ್ಗದ ಇತಿಹಾಸ ಲೇಖನವು ಬಹುಮಟ್ಟಿಗೆ ಶಾಸನ, ಕೋಟೆ ಮತ್ತು ಪಾಳೆಯಗಾರರನ್ನು ಕೇಂದ್ರವಾಗಿಸಿಕೊಂಡು ಬೆಳೆದಿದೆ. ಮದಕರಿನಾಯಕನ ಪತನದ ನಂತರದ ಶತಮಾನದಲ್ಲಿ ಈ ಸೀಮೆಯ ಸಾಮಾನ್ಯ ಜನರು ಹೇಗೆ ಬದುಕಿದರು, ಯಾವ ಕಾರಣಗಳಿಂದ ಸತ್ತರು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಈ ಪ್ರಶ್ನೆಗೆ ಉತ್ತರ ಹುಡುಕಲು ಜನಗಣತಿ ವರದಿಗಳು, ಗೆಜೆಟಿಯರುಗಳು ಹಾಗೂ ಜನನ ಮರಣದ ಲೆಕ್ಕಗಳು ಮುಖ್ಯ ಆಕರಗಳಾಗಿವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ಪಟ್ಟಣಗಳ ಹಿನ್ನೆಲೆಯಲ್ಲಿ ಈ ಆಕರಗಳ ಸ್ವರೂಪವನ್ನೂ ಮಿತಿಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಮೈಸೂರು ಸಂಸ್ಥಾನವು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ನೇರ ಆಡಳಿತದಲ್ಲಿತ್ತು. ವ್ಯವಸ್ಥಿತ ಜನಗಣತಿ ಮತ್ತು ಮರಣಗಳ ನಿಯತ ಲೆಕ್ಕ ಈ ಆಡಳಿತದ ಕೊನೆಯ ಘಟ್ಟದಲ್ಲಿ ನೆಲೆಗೊಂಡವು. 1881ರಲ್ಲಿ ಅರಸೊತ್ತಿಗೆ ಮರಳಿದ ಮೇಲೂ ಅದೇ ಪದ್ಧತಿ ಮುಂದುವರಿಯಿತು. ಗ್ರಾಮದಲ್ಲಿ ಸಾವು ಸಂಭವಿಸಿದಾಗ ತಳವಾರ ಅಥವಾ ತೋಟಿಯ ಮೂಲಕ ಪಟೇಲನಿಗೆ ಸುದ್ದಿ ಮುಟ್ಟುತ್ತಿತ್ತು; ಶಾನುಭೋಗನು ಅದನ್ನು ಬರೆದಿಡುತ್ತಿದ್ದನು. ಗ್ರಾಮಗಳ ಲೆಕ್ಕಗಳು ತಾಲ್ಲೂಕು ಕಚೇರಿಯ ಅಮಲ್ದಾರರಲ್ಲಿ ಒಂದುಗೂಡಿ ಮೇಲಿನ ಕಚೇರಿಗಳಿಗೆ ಹೋಗುತ್ತಿದ್ದವು. ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತಿದ್ದ ಪ್ರತಿಯೊಂದು ಅಂಕಿಯ ಮೂಲದಲ್ಲಿ ವೈದ್ಯಕೀಯ ಶಿಕ್ಷಣವಿಲ್ಲದ ಗ್ರಾಮಾಧಿಕಾರಿಯ ತೀರ್ಮಾನವಿತ್ತೆಂಬುದನ್ನು ಮರೆಯುವಂತಿಲ್ಲ.

ಸಾವಿನ ಕಾರಣಗಳಿಗೆ ಇದ್ದ ವಿಭಾಗಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಆಮಶಂಕೆ ಮತ್ತು ಅತಿಸಾರ, ಗಾಯ ಅಪಘಾತಗಳು, ಹಾಗೂ ಇತರ ಕಾರಣಗಳು. ಪ್ಲೇಗು ಇವುಗಳ ಸಾಲಿಗೆ ನಂತರ ಸೇರಿತು. ಸಿಡುಬನ್ನು ಗುರುತಿಸಲು ವೈದ್ಯನೇ ಬೇಕಾಗಿರಲಿಲ್ಲ. ಮೈಮೇಲಿನ ಗುಳ್ಳೆಗಳೇ ಸಾಕ್ಷಿ. ವಾಂತಿಭೇದಿಯಿಂದ ಒಂದೆರಡು ದಿನಗಳಲ್ಲಿ ಬಂದ ಸಾವನ್ನು ಕಾಲರಾ ಎಂದು ಬರೆಯುವುದೂ ಕಷ್ಟವಲ್ಲ. ಆದರೆ ಮಲೇರಿಯಾ, ವಿಷಮಶೀತಜ್ವರ, ಬಾಣಂತಿಯ ನಂಜು, ಶ್ವಾಸಕೋಶದ ಉರಿಯೂತ ಇವೆಲ್ಲವೂ ‘ಜ್ವರ’ ಎಂಬ ಒಂದೇ ವಿಭಾಗದಲ್ಲಿ ಸೇರಿಹೋಗುತ್ತಿದ್ದವು. ಹೀಗಾಗಿ ಈ ವಿಭಾಗವು ಒಂದು ರೋಗದ ಹೆಸರಲ್ಲ, ರೋಗನಿರ್ಣಯದ ಅಭಾವದ ಹೆಸರು.

ಈ ವರ್ಗೀಕರಣದ ಅತಿ ದೊಡ್ಡ ಕೊರತೆ 1876–78ರ ಮಹಾಕ್ಷಾಮದ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಎಂದರೆ 8,69,224ರಷ್ಟು, ಶೇಕಡಾ 17ಕ್ಕೂ ಮಿಕ್ಕಿದ ಇಳಿಕೆ. ಮಳೆನೆರಳಿನ ಪ್ರದೇಶವಾದ ಚಿತ್ರದುರ್ಗವು ಕ್ಷಾಮದ ಪೆಟ್ಟನ್ನು ತೀವ್ರವಾಗಿ ಅನುಭವಿಸಿತು. ಆದರೆ ಮರಣದ ಮಾಮೂಲು ವಿಭಾಗಗಳಲ್ಲಿ ಹಸಿವಿಗೆ ಸ್ಥಾನವಿರಲಿಲ್ಲ. ಅನ್ನವಿಲ್ಲದೆ ಕೃಶನಾದವನು ಕೊನೆಗೆ ಅತಿಸಾರದಿಂದಲೋ ಜ್ವರದಿಂದಲೋ ಕಾಲರಾದಿಂದಲೋ ಸಾಯುತ್ತಿದ್ದನು. ದಾಖಲೆ ಆ ಕೊನೆಯ ಕಾರಣವನ್ನು ಮಾತ್ರ ಹೇಳುತ್ತಿತ್ತು. ಊರುಬಿಟ್ಟು ಹೋಗಿ ದಾರಿಯಲ್ಲಿ ಸತ್ತವನನ್ನು ಬರೆದುಕೊಳ್ಳಲು ಅವನೂರಿನ ಶಾನುಭೋಗನಿಗೆ ಅವಕಾಶವೇ ಇರಲಿಲ್ಲ. ಆದ್ದರಿಂದ ಕ್ಷಾಮದ ಸಾವುಗಳ ಪ್ರಮಾಣವನ್ನು ಸೂಚಿಸುವುದು ಮರಣದ ಲೆಕ್ಕಕ್ಕಿಂತ ಎರಡು ಜನಗಣತಿಗಳ ನಡುವಿನ ಅಂತರವೇ.

ಪ್ಲೇಗಿನ ಕಾಲದಲ್ಲಿ ದಾಖಲೆಯ ಸಮಸ್ಯೆ ಬೇರೊಂದು ರೂಪ ತಾಳಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ರೋಗವು 1898ರ ಆಗಸ್ಟ್‌ನಲ್ಲಿ ಬೆಂಗಳೂರನ್ನು ತಲುಪಿತು. ಹುಬ್ಬಳ್ಳಿಯ ಕಡೆಯಿಂದ ಬಂದ ರೈಲು ಪ್ರಯಾಣಿಕನೇ ಅದರ ವಾಹಕನೆಂದು ಗುರುತಿಸಲಾಗಿತ್ತು. ಬೆಂಗಳೂರು–ಹರಿಹರ ರೈಲುಮಾರ್ಗವು ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮೂಲಕವೇ ಹಾದುಹೋಗುತ್ತದೆ. ಹತ್ತಿ ಮತ್ತು ಧಾನ್ಯ ಸಾಗಿದ ಹಾದಿಯಲ್ಲೇ ಇಲಿ ಮತ್ತು ಚಿಗಟಗಳೂ ಸಾಗಬಹುದಾಗಿತ್ತು. ಸಂಸ್ಥಾನದ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿ, ತಪಾಸಣೆ, ರೋಗಿಗಳ ಪ್ರತ್ಯೇಕೀಕರಣ ಮತ್ತು ಮನೆಗಳ ಶುದ್ಧೀಕರಣದ ಕ್ರಮಗಳನ್ನು ಕೈಗೊಂಡಿತು. ಮನೆಯವರನ್ನು ಶಿಬಿರಕ್ಕೆ ಒಯ್ಯುವರು, ಹೆಂಚು ಕೀಳುವರು ಎಂಬ ಭಯದಿಂದ ಜನರು ರೋಗವನ್ನೂ ಸಾವನ್ನೂ ಮುಚ್ಚಿಡುವುದುಂಟಾಯಿತು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವ ರೂಢಿ ಮಾತ್ರ ಜನರೇ ಸ್ವೀಕರಿಸಿದ ಪರಿಣಾಮಕಾರಿ ಕ್ರಮವಾಗಿತ್ತು. ಕ್ಷಾಮದ ಸಾವುಗಳು ದಾಖಲೆಯಿಂದ ತಪ್ಪಿದ್ದು ವ್ಯವಸ್ಥೆಯ ಕುಸಿತದಿಂದ. ಪ್ಲೇಗಿನ ಸಾವುಗಳು ತಪ್ಪಿದ್ದು ದಾಖಲೆಯ ಭಯದಿಂದ.

ಹಿರಿಯೂರಿನ ನಿದರ್ಶನವು ‘ಜ್ವರ’ದ ವಿಭಾಗವನ್ನು ಬಿಡಿಸಿ ನೋಡಲು ಸಹಾಯಕವಾಗಿದೆ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸಸಾಗರ 1907ರಲ್ಲಿ ಪೂರ್ಣಗೊಂಡಿತು. ಬರಪೀಡಿತ ನಾಡಿಗೆ ನೀರು ಬಂದಿತು. ಕಾಲುವೆ, ಜೌಗು ಮತ್ತು ನಿಂತ ನೀರಿನೊಡನೆ ಸೊಳ್ಳೆಗೂ ನೆಲೆ ದೊರೆಯಿತು. ಮಲೇರಿಯಾ ಸೊಳ್ಳೆಯಿಂದ ಹರಡುವುದೆಂಬುದಕ್ಕೆ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ನಿರ್ಣಾಯಕ ಸಾಕ್ಷ್ಯ ಕಂಡುಕೊಂಡಿದ್ದರೂ ಗ್ರಾಮದ ದಾಖಲೆಯಲ್ಲಿ ಅದು ‘ಜ್ವರ’ವಾಗಿಯೇ ಉಳಿದಿತ್ತು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ನಡೆದ ಮಲೇರಿಯಾ ಅಧ್ಯಯನದ ಕೇಂದ್ರಗಳಲ್ಲಿ ಹಿರಿಯೂರೂ ಒಂದಾಗಿತ್ತು. ಮಕ್ಕಳ ಗುಲ್ಮದ ಊತ, ರಕ್ತಲೇಪನ ಮತ್ತು ಸೊಳ್ಳೆಯ ತಳಿಗಳ ಪರೀಕ್ಷೆಯಿಂದ ರೋಗದ ಪ್ರಮಾಣವನ್ನು ಅಳೆಯುವ ಈ ವಿಧಾನವು ಸತ್ತವರ ಎಣಿಕೆಯಿಂದ ಬದುಕಿರುವವರ ಪರೀಕ್ಷೆಯೆಡೆಗೆ ಆದ ಮಹತ್ವದ ತಿರುವು.

1918ರ ಇನ್‌ಫ್ಲುಯೆಂಜಾ ಹಳೆಯ ಪದ್ಧತಿಯ ಕೊನೆಯ ದೊಡ್ಡ ಪರೀಕ್ಷೆ. ಹೊಸ ರೋಗಕ್ಕೆ ಪ್ರತ್ಯೇಕ ವಿಭಾಗವಿಲ್ಲದ್ದರಿಂದ ಅದರ ಸಾವುಗಳೂ ಬಹುಪಾಲು ಜ್ವರದ ಲೆಕ್ಕಕ್ಕೆ ಸೇರಿದವು. ಬರೆಯಬೇಕಾದ ಗ್ರಾಮಾಧಿಕಾರಿಗಳೂ ಹಾಸಿಗೆ ಹಿಡಿಯಬಹುದಾದ ಕಾಲವದು. ಇಲ್ಲಿಯೂ ಜನಗಣತಿಯೇ ಪೂರಕ ಸಾಕ್ಷಿ. 1891–1901ರ ದಶಕದಲ್ಲಿ ಶೇಕಡಾ 12ರಷ್ಟಿದ್ದ ಸಂಸ್ಥಾನದ ಜನಸಂಖ್ಯಾ ವೃದ್ಧಿ, ಪ್ಲೇಗು ಮರುಕಳಿಸುತ್ತಿದ್ದ 1901–11ರಲ್ಲಿ ಶೇಕಡಾ 4.8ಕ್ಕೂ, ಇನ್‌ಫ್ಲುಯೆಂಜಾ ಬಂದ 1911–21ರಲ್ಲಿ ಸುಮಾರು ಶೇಕಡಾ 3ಕ್ಕೂ ಕುಸಿಯಿತು.

ಈ ಆಕರಗಳನ್ನು ಬಳಸುವಾಗ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ದಾಖಲಾದ ಸಾವುಗಳ ಹೆಚ್ಚಳವು ರೋಗದ ಹೆಚ್ಚಳವಾಗಿರಬಹುದು, ಇಲ್ಲವೇ ದಾಖಲಾತಿಯ ಸುಧಾರಣೆಯೂ ಆಗಿರಬಹುದು. ಎರಡನೆಯದಾಗಿ, ದಾವಣಗೆರೆ, ಹರಿಹರ, ಜಗಳೂರುಗಳು 1997ರಲ್ಲಿ ಹೊಸ ಜಿಲ್ಲೆಗೆ ಸೇರಿದ್ದರಿಂದ ಹಳೆಯ ಜಿಲ್ಲಾ ಅಂಕಿಗಳನ್ನು ನಂತರದ ಜಿಲ್ಲೆಯೊಡನೆ ನೇರವಾಗಿ ಹೋಲಿಸಲಾಗದು; ತಾಲ್ಲೂಕು ಮಟ್ಟದ ಹೋಲಿಕೆ ಹೆಚ್ಚು ವಿಶ್ವಾಸಾರ್ಹ. ಮೂರನೆಯದಾಗಿ, ಹೆಸರಿಡುವ ಮೊದಲೇ ತೀರಿಕೊಂಡ ಶಿಶುಗಳು, ಅಲೆಮಾರಿಗಳು ಮತ್ತು ಊರಾಚೆಯ ಕೇರಿಗಳ ಜನ ಲೆಕ್ಕದಿಂದ ಸುಲಭವಾಗಿ ಬಿಟ್ಟುಹೋಗುವಂತಿದ್ದರು.

1969ರ ಜನನ ಮರಣ ನೋಂದಣಿ ಅಧಿನಿಯಮವು ದೇಶಕ್ಕೆಲ್ಲ ಒಂದೇ ಕಾನೂನನ್ನು ತಂದಿತು. ಅದಕ್ಕಿಂತ ಹಿಂದಿನ ಗ್ರಾಮ ಹಾಗೂ ಪುರಸಭೆಗಳ ಮೂಲ ಪುಸ್ತಕಗಳು ಉಳಿದಿರುವೆಡೆಯಲ್ಲೆಲ್ಲ ಅವನ್ನು ಪಟ್ಟಿಮಾಡಿ ಸಂರಕ್ಷಿಸಬೇಕಾದುದು ಅಗತ್ಯ. ಅಚ್ಚಾದ ವರದಿಗಳು ಮೊತ್ತವನ್ನಷ್ಟೇ ಉಳಿಸಿವೆ. ಯಾವ ಬೀದಿಯಲ್ಲಿ, ಯಾವ ವಯಸ್ಸಿನವರು, ಯಾವ ತಿಂಗಳಲ್ಲಿ ಸತ್ತರೆಂಬುದು ತಿಳಿಯುವುದು ಶಾನುಭೋಗನ ಕೈಬರಹದಿಂದ. ಅದು ನಾಶವಾದರೆ ಆ ಜನರ ಬದುಕಿಗೆ ಉಳಿದಿರುವ ಏಕೈಕ ಲಿಖಿತ ಸಾಕ್ಷ್ಯವೂ ನಾಶವಾದಂತೆಯೇ ಸರಿ.