ಸಲಹೆಯನ್ನೇ ವೃತ್ತಿಯಾಗಿಸಿಕೊಂಡ ಇಂಜಿನಿಯರು

ಈ ಸಂಚಿಕೆಗಾಗಿ ಹಳೆಯ ವಿದ್ಯಾರ್ಥಿಗಳ ವಿವರ ಸಂಗ್ರಹಿಸುತ್ತಿದ್ದಾಗ, ಪುಣೆ ಮುಂಬಯಿಗಳಲ್ಲಿ ನೆಲೆಸಿದ ಹಲವರು ಇಂಜಿನಿಯರಿಂಗ್ ಪದವಿಯ ಮುಂದೆ ‘ಬಿಸಿನೆಸ್ ಕನ್ಸಲ್ಟಂಟ್’ ಎಂದು ಬರೆದುಕೊಟ್ಟರು. ಅವರಲ್ಲೊಬ್ಬನ ತಂದೆ ನನ್ನನ್ನು ಕೇಳಿದರು: “ಅಕ್ಕೋರ, ಇಂಜಿನಿಯರ್ ಕಲ್ತು ಬರೇ ಸಲಹಾ ಕೊಡೂದಂದ್ರ ಅದೆಂಥಾ ನೌಕರಿ?” ಉತ್ತರ ಹುಡುಕುವಾಗ ನನಗೆ ನೆನಪಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಕನ್ನಂಬಾಡಿ ಕಟ್ಟೆಯನ್ನೂ ದಿವಾನಗಿರಿಯನ್ನೂ ಮಕ್ಕಳು ಪಾಠದಲ್ಲಿ ಓದುತ್ತಾರೆ. ಆ ಬಳಿಕದ ಸುದೀರ್ಘ ಸಲಹೆಗಾರನ ಬದುಕು ಮಾತ್ರ ಪಾಠಕ್ಕೆ ಬಂದಿಲ್ಲ.

ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತ ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಖಡಕವಾಸಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲುವಂತೆ ಮಾಡಿದರು. ಆದರೆ ಪ್ರಾಂತದ ಮುಖ್ಯ ಇಂಜಿನಿಯರ್ ಹುದ್ದೆ ಅಂದು ಭಾರತೀಯನಿಗೆ ಎಟುಕುವಂತಿರಲಿಲ್ಲ. ಇದನ್ನು ಮನಗಂಡು ಅವರು ಅವಧಿಗೆ ಮುನ್ನವೇ ನಿವೃತ್ತಿ ಬಯಸಿ ವಿದೇಶ ಪ್ರವಾಸಕ್ಕೆ ಹೊರಟರು. ಭದ್ರವಾದ ಸರ್ಕಾರಿ ನೌಕರಿಯನ್ನು ತಾನಾಗಿ ಬಿಡುವುದೆಂದರೆ ಇಂದಿಗೂ ನಮ್ಮ ಮನೆಗಳಲ್ಲಿ ಗಾಬರಿ ಹುಟ್ಟುತ್ತದೆ!

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಧ್ವಂಸಗೊಳಿಸಿತು. ನಿಜಾಮ ಸರ್ಕಾರ ಅವರ ಸಲಹೆಯನ್ನು ಬೇಡಿತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆಯಬೇಕೆಂಬುದು ಅವರ ಶಿಫಾರಸು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹುಟ್ಟಿದ್ದು ಹೀಗೆ. ಅದೇ 1909ರಲ್ಲಿ ಮೈಸೂರು ಅವರನ್ನು ಮುಖ್ಯ ಇಂಜಿನಿಯರರಾಗಿ ಕರೆಸಿಕೊಂಡಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು.

ಅಧಿಕಾರ ಬಿಟ್ಟ ಮೇಲೆ ಬಂದ ಕಠಿಣ ಪರೀಕ್ಷೆ ಭದ್ರಾವತಿಯದು. ಅಲ್ಲಿನ ಕಬ್ಬಿಣದ ಕಾರ್ಖಾನೆ ಅವರ ದಿವಾನಗಿರಿಯ ಕಾಲದ ಯೋಜನೆ. ಕಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ ಅದಿರನ್ನು ಕರಗಿಸುವ ಈ ಕಾರ್ಖಾನೆ ಕೆಲಸ ಆರಂಭಿಸುವ ವೇಳೆಗೆ ಯುದ್ಧಾನಂತರದ ಮಾರುಕಟ್ಟೆಯಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. ನಷ್ಟವೂ ನಿಂದೆಯೂ ಒಟ್ಟಿಗೇ ಬಂದವು. 1923ರಲ್ಲಿ ಅವರು ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿ, ಖರ್ಚು ತಗ್ಗಿಸಿ, ವಿದೇಶೀ ತಜ್ಞರ ಸ್ಥಾನಗಳಿಗೆ ನಮ್ಮವರನ್ನು ತರಬೇತು ಮಾಡಿ ತಂದು, 1929ರವರೆಗೆ ನಿಂತು ದುಡಿದರು. ತಾನು ಕೊಟ್ಟ ಸಲಹೆಯ ಫಲವನ್ನು ತಾನೇ ಎದುರಿಸಿದ ಸಲಹೆಗಾರರು ವಿರಳ. ನನ್ನ ದೃಷ್ಟಿಯಲ್ಲಿ ಕನ್ನಂಬಾಡಿಗಿಂತಲೂ ಇದು ಹಿರಿದು. ಅಲ್ಲಿ ತಮಗೆ ಸಲ್ಲಬೇಕಾದ ಸಂಬಳವನ್ನು ಅವರು ಬೆಂಗಳೂರಿನಲ್ಲಿ ಕಸುಬಿನ ಶಿಕ್ಷಣಶಾಲೆಗೆ ಬಿಟ್ಟುಕೊಟ್ಟರು. ಆ ಶಾಲೆಗೆ ಇಟ್ಟದ್ದು ಮಹಾರಾಜ ಜಯಚಾಮರಾಜೇಂದ್ರರ ಹೆಸರನ್ನು, ತಮ್ಮದನ್ನಲ್ಲ.

1927ರಲ್ಲಿ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಾದರು. ಮುಂಬಯಿಯ ಬ್ಯಾಕ್‌ಬೇ ವಿಚಾರಣಾ ಸಮಿತಿಯಲ್ಲೂ ಇದ್ದರು.

ನಮ್ಮ ಊರಿಗೆ ಹತ್ತಿರವಾಗುವ ಕಥೆ ಇನ್ನೊಂದಿದೆ. 1935ರಲ್ಲಿ ಅವರು ಯುರೋಪು, ಅಮೆರಿಕೆಗಳ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲಿಯೇ ಮೋಟಾರು ತಯಾರಿಸುವ ಯೋಜನೆಯನ್ನು ಬರೆದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲಚಂದ್ ಹೀರಾಚಂದ್. 1882ರಲ್ಲಿ ನಮ್ಮ ಸೊಲ್ಲಾಪುರದಲ್ಲಿ ಹುಟ್ಟಿದವರು. ಅವರು ಅಮೆರಿಕೆಗೆ ಹೋಗಿ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದಕ್ಕೂ ಬಂದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮೈಸೂರು ಸರ್ಕಾರಕ್ಕೂ ಒಲವಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರ ಯುದ್ಧದ ನೆಪವೊಡ್ಡಿ ಬೆಂಬಲ ನೀಡಲಿಲ್ಲ. ಸಲಹೆಗಾರನ ಕೈಯಲ್ಲಿ ಲೆಕ್ಕವಿರುತ್ತದೆ. ಮಂಜೂರಾತಿಯ ಸಹಿ ಬೇರೆಯವರದು. ವಿದ್ಯಾರ್ಥಿಯ ತಂದೆಗೆ ನಾನು ಹೇಳಲಾಗದ ಸಂಕಟ ಇದೇ ಇರಬೇಕು. ವಾಲಚಂದರು ಆ ಪ್ರವಾಸದಲ್ಲಿ ಪರಿಚಯವಾದ ಅಮೆರಿಕನ್ನನೊಬ್ಬನ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನೇ ಆರಂಭಿಸಿದರು. ಮೋಟಾರು ಮಾತ್ರ ಕಾಯಬೇಕಾಯಿತು.

ವಾಲಚಂದರ ಪ್ರೀಮಿಯರ್ ಕಂಪನಿಯ ಮೊದಲ ವಾಹನ ಮುಂಬಯಿಯ ಕುರ್ಲಾದಿಂದ ಹೊರಬಂದದ್ದು 1947ರಲ್ಲಿ. ಅಷ್ಟರಲ್ಲಿ ವಿಶ್ವೇಶ್ವರಯ್ಯನವರಿಗೆ ಎಂಬತ್ತೈದು ದಾಟಿತ್ತು. ಟಾಟಾ ಕಂಪನಿಯ ನಿರ್ದೇಶಕ ಸ್ಥಾನದಿಂದ ಅವರು ಬಿಡುಗಡೆ ಪಡೆದದ್ದು ಅದಾದ ಎಂಟು ವರ್ಷಗಳಿಗೆ.