ಮನೆಗೊಂದು ಹಣ

ಪರದೇಶದ ಪ್ರವಾಸಿಕನಿಗೆ ಒಂದು ನಾಡಿನ ಮೇಲೆ ಮೊದಲು ಮಮತೆ ಹುಟ್ಟುವುದು ಬಹುಮಟ್ಟಿಗೆ ನಾಲಗೆಯ ಮೂಲಕ. ಮಧ್ಯ ಯೂರೋಪಿನಲ್ಲಿ ಚೆಕ್ ಜನರ ನಾಡಾದ ಬೊಹೀಮಿಯಾಕ್ಕೆ ಹೋದವರಲ್ಲಿ ಅನೇಕರು ಅಲ್ಲಿಯ ಬಿಯರಿನ ರುಚಿಗೆ ಮೊದಲು ಒಲಿದು, ಕ್ರಮೇಣ ಆ ಜನರ ಚರಿತ್ರೆ, ಭಾಷೆ, ಕಲೆಗಳಿಗೂ ಒಲಿಯುತ್ತಾರೆ. ಮದ್ಯತ್ಯಾಗವನ್ನು ಶ್ರಾವಕನ ಮೂಲಗುಣಗಳಲ್ಲಿ ಎಣಿಸುವ ಜೈನಧರ್ಮದ ಮಹಾಕ್ಷೇತ್ರವಾದ ಶ್ರವಣಬೆಳಗೊಳದ ನೆರೆಹೊರೆಯವರಿಗೆ ಈ ಒಲವು ವಿಚಿತ್ರವಾಗಿ ತೋರಬಹುದು. ಆದರೆ ಆ ಪಾನೀಯದ ಹಿಂದಿನ ಕಥೆಯು ಬೆಳಗೊಳದ ಶಾಸನಗಳನ್ನು ಬಲ್ಲವರಿಗೆ ಅಪರಿಚಿತವಾದುದಲ್ಲ.

ಬೊಹೀಮಿಯದ ದೊರೆ ಎರಡನೆಯ ವಾಕ್ಲಾವನು 1295ರಲ್ಲಿ ಪಿಲ್ಸೆನ್ ಪಟ್ಟಣವನ್ನು ಸ್ಥಾಪಿಸಿದನು. ಅಲ್ಲಿಯ 260 ಮನೆಗಳಿಗೆ ಬಿಯರ್ ತಯಾರಿಸುವ ಹಕ್ಕು ದೊರೆತು, ಅದು ಮನೆಯೊಡನೆ ವಂಶಪಾರಂಪರ್ಯವಾಗಿ ನಡೆದುಬಂದಿತು. 1838ರಲ್ಲಿ ಕೆಟ್ಟುಹೋದ 36 ಪೀಪಾಯಿ ಬಿಯರನ್ನು ಪಟ್ಟಣದ ಸಭಾಭವನದ ಮುಂದೆ ಬಹಿರಂಗವಾಗಿ ಚೆಲ್ಲಲಾಯಿತು. ಈ ಅವಮಾನದಿಂದ ಎಚ್ಚೆತ್ತ ಹಕ್ಕುದಾರರು ಒಗ್ಗೂಡಿ ಎಲ್ಲರಿಗೂ ಸೇರಿದ ಒಂದು ಕಾರ್ಖಾನೆಯನ್ನು ಕಟ್ಟಿ, ಯೋಸೆಫ್ ಗ್ರೋಲ್ ಎಂಬ ಬವೇರಿಯದ ಕುಶಲಿಯನ್ನು ಕರೆತಂದರು. ಪಿಲ್ಸೆನ್ನಿನ ಮೆದುವಾದ ನೀರು, ಜಾಟೆಟ್ಸ್ ಸೀಮೆಯ ಹಾಪ್ ಬಳ್ಳಿಯ ಹೂ, ಹದವಾಗಿ ಒಣಗಿಸಿದ ಮೊಳಕೆಯ ಬಾರ್ಲಿ, ತಣ್ಣನೆಯ ನೆಲಮಾಳಿಗೆಯಲ್ಲಿ ನಿಧಾನವಾಗಿ ಹುದುಗಿಸುವ ಬವೇರಿಯದ ಕ್ರಮ, ಇವೆಲ್ಲವೂ ಸೇರಿ 1842ರ ಅಕ್ಟೋಬರ್ 5ರಂದು ಹೊನ್ನಬಣ್ಣದ ಹೊಸ ಬಿಯರ್ ಸಿದ್ಧವಾಗತೊಡಗಿತು. ಇಂದು ಜಗತ್ತಿನಲ್ಲಿ ಪ್ರಚುರವಾಗಿರುವ ತಿಳಿಬಣ್ಣದ ಬಿಯರುಗಳಲ್ಲಿ ಬಹುಪಾಲು ಅದರ ಸಂತತಿಯೇ.

ಚೆಕ್ ಭಾಷೆಯೂ ಹೀಗೆಯೇ ಜನರ ಕೂಡುದುಡಿಮೆಯಿಂದ ತಲೆಯೆತ್ತಿತು. ಹಾಬ್ಸ್‌ಬರ್ಗ್ ಅರಸರ ಕಾಲದಲ್ಲಿ ಕಚೇರಿಗೂ ಉನ್ನತ ವಿದ್ಯೆಗೂ ಜರ್ಮನ್ ಭಾಷೆಯೇ ಪ್ರಧಾನವಾಗಿದ್ದಾಗ, ಯೋಸೆಫ್ ಯುಂಗ್‌ಮನ್ ಎಂಬ ಪಂಡಿತನು 1830ರ ದಶಕದಲ್ಲಿ ಐದು ಸಂಪುಟಗಳ ಚೆಕ್–ಜರ್ಮನ್ ನಿಘಂಟನ್ನು ಹೊರತಂದನು. ಬಳಿಕ ಜನರ ಚಂದಾದಿಂದ ಪ್ರಾಗ್ ನಗರದಲ್ಲಿ ಚೆಕ್ ಭಾಷೆಯ ರಾಷ್ಟ್ರೀಯ ನಾಟಕಶಾಲೆಗೆ 1868ರಲ್ಲಿ ಅಸ್ತಿಭಾರ ಬಿದ್ದಿತು. 1881ರ ಜೂನಿನಲ್ಲಿ ತೆರೆದ ಆ ಭವನವು ಆಗಸ್ಟಿನಲ್ಲಿಯೇ ಬೆಂಕಿಗೆ ತುತ್ತಾಯಿತು. ಜನರು ಎದೆಗುಂದದೆ ಎರಡು ತಿಂಗಳೊಳಗೆ ಮತ್ತೆ ಹಣ ಕೂಡಿಸಿದರು. 1883ರಲ್ಲಿ ನಾಟಕಶಾಲೆ ಪುನಃ ತೆರೆಯಿತು.

ಇನ್ನು ಬೆಳಗೊಳದ ಮಾತು. ಸುಮಾರು 58 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ ಕೀರ್ತಿ ಚಾವುಂಡರಾಯನದು. ಆದರೆ ಆ ಮೂರ್ತಿಯ ನಿತ್ಯಸೇವೆಯನ್ನು ನಡೆಸಿದವರು ಸಾಮಾನ್ಯರು. ಅಭಿಷೇಕದ ಹಾಲಿಗಾಗಿ ಕೆಲವರು ಹಣವನ್ನು ಇಡುಗಂಟಾಗಿಟ್ಟು, ಬಡ್ಡಿಯಿಂದ ದಿನವೂ ಹಾಲು ಸಲ್ಲುವಂತೆ ಏರ್ಪಡಿಸಿದುದನ್ನು ಶಾಸನಗಳು ಹೇಳುತ್ತವೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ, 1368ರಲ್ಲಿ ಬುಕ್ಕರಾಯನು ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ ಅವರನ್ನು ಸಮಾಧಾನಗೊಳಿಸಿದನು. ಆಗ ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣದಂತೆ ಕೊಡಬೇಕೆಂದೂ, ಅದರಿಂದ ದೇವರ ರಕ್ಷಣೆಗೆ 20 ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದನ್ನು ಜೀರ್ಣ ಜಿನಾಲಯಗಳ ದುರಸ್ತಿಗೆ ವಿನಿಯೋಗಿಸಬೇಕೆಂದೂ ನಿಯಮವಾಯಿತು. ಅದನ್ನು ನಡೆಸುವ ಹೊಣೆ ವೈಷ್ಣವನಾದ ತಿರುಮಲೆಯ ತಾತಯ್ಯನಿಗೆ ಸಂದಿತು.

ಒಂದೆಡೆ ಹಾಲು, ಇನ್ನೊಂದೆಡೆ ಬಿಯರ್. ದ್ರವ್ಯಗಳಿಗೆ ಹೋಲಿಕೆಯೇ ಇಲ್ಲ. ಏರ್ಪಾಡು ಮಾತ್ರ ಒಂದೇ ಜಾತಿಯದು. ಎರಡು ಕಡೆಯೂ ಭಾರವನ್ನು ಹೊತ್ತವರು ಮನೆಮನೆಯವರು. ಎರಡು ಕಡೆಯೂ ಅವರು ಹೊರಗಿನವನ ಕೈಯನ್ನು ನಿರಾಕರಿಸಲಿಲ್ಲ. ಪಿಲ್ಸೆನ್ನಿನ ಹೆಮ್ಮೆಯನ್ನು ಸಾಧಿಸಿಕೊಟ್ಟವನು ಬವೇರಿಯದವನು; ಬಸದಿಗಳ ಹಣಕ್ಕೆ ಹೊಣೆಯಾದವನು ವೈಷ್ಣವನು.

ಪ್ರವಾಸಿಕನ ಒಲವು ಒಂದು ನಾಡಿಗೆ ಗೌರವವನ್ನು ತರಬಲ್ಲುದು, ರಕ್ಷಣೆಯನ್ನು ತರಲಾರದು. ಗೊಮ್ಮಟನಿಗೆ ನೋಡುವ ಕಣ್ಣುಗಳ ಕೊರತೆಯಿಲ್ಲ. ಆದರೆ ಹಾಸನ ಸೀಮೆಯ ಹಳ್ಳಿಗಳಲ್ಲಿ, ಹೊಲದ ಬದುವಿನ ಮೇಲೆ ಮಳೆಗಾಳಿಗೆ ಅಕ್ಷರ ಸವೆಸಿಕೊಳ್ಳುತ್ತಿರುವ ಶಾಸನಗಲ್ಲುಗಳನ್ನೂ ವೀರಗಲ್ಲುಗಳನ್ನೂ ಅರಸಿ ದೂರದವರು ಬರುವುದು ಅಪರೂಪ. ಅವುಗಳಿಗೆ ಆಸರೆಯಾಗಬೇಕಾದವರು ಆಯಾ ಊರಿನ ಮನೆಗಳವರೇ.